ಮೀನಿಗೆ ಮೀನು ತರುತ್ತಿದ್ದ ದೇವಕಿ

ದೇವಕಿ ಕಾನಸೂರಿನ ಹೆಣ್ಣು. ಶಿರಸಿಗೆ ಮದುವೆಯಾಗಿ ಬಂದ ಮೊದಲ ವರ್ಷದಲ್ಲೇ ಅವಳಿಗೆ ಗಂಡನ ಸ್ವಭಾವ ಅರ್ಥವಾಗಿತ್ತು. ನಾಗಪತಿ ಹೆಗಡೆ ಒಳ್ಳೆಯವನೇ. ಕುಡಿತವಿಲ್ಲ, ಇಸ್ಪೀಟಿಲ್ಲ, ಹೆಂಡತಿಯ ಮೇಲೆ ದನಿ ಏರಿಸಿದವನಲ್ಲ. ಹುಟ್ಟೂರು ಹುಲಗೋಳದ ಜಮೀನನ್ನು ಅಣ್ಣನಿಗೆ ಬಿಟ್ಟು, ಪೇಟೆಯಲ್ಲಿ ಟೀವಿ, ರೇಡಿಯೋ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ. ಕೈ ಚುರುಕು. ಆದರೆ ಆ ಕೈಗೆ ಸುಮ್ಮನಿರಲು ಬರುತ್ತಿರಲಿಲ್ಲ. ಒಂದು ವರ್ಷ ಜೇನುಪೆಟ್ಟಿಗೆ, ಇನ್ನೊಂದು ವರ್ಷ ಕುಂಡದಲ್ಲಿ ಗೇಣುದ್ದದ ಆಲದ ಮರ, ಮತ್ತೊಂದು ವರ್ಷ ದೂರದೇಶದ ರೇಡಿಯೋ ಹಿಡಿಯಲು ಮಾಡಿನಿಂದ ಮಾಡಿಗೆ ಎಳೆದ ತಂತಿ. ಹಿಡಿದದ್ದನ್ನು ಹಗಲೂ ಇರುಳೂ ಹಿಡಿಯುತ್ತಿದ್ದ, ಬಿಟ್ಟದ್ದನ್ನು ತಿರುಗಿ ನೋಡುತ್ತಿರಲಿಲ್ಲ. ಬಿಟ್ಟದ್ದೆಲ್ಲ ದೇವಕಿಯ ಪಾಲಿಗೆ. ಜೇನು ಹಾರಿಹೋದ ಪೆಟ್ಟಿಗೆಯಲ್ಲಿ ಅವಳು ಸೌತೆಬೀಜ, ಹೀರೆಬೀಜ ಇಟ್ಟಳು. ಆಲದ ಮರಕ್ಕೆ ಅವಳೇ ನೀರು ಹಾಕಿ, ಅದು ಒಣಗಿದ ಮೇಲೆ ಕುಂಡದಲ್ಲಿ ತುಳಸಿ ನೆಟ್ಟಳು. ತಂತಿಯ ಮೇಲೆ ಬಟ್ಟೆ ಒಣಗಿಸಿದಳು.

ಮನೆ ಯಲ್ಲಾಪುರ ನಾಕೆಯಿಂದ ಸ್ವಲ್ಪ ಒಳಗೆ, ಬಾಡಿಗೆಯದು. ಎದುರಿಗೊಂದು ಕೋಣೆ, ನಡುಮನೆ, ಅಡುಗೆಮನೆ, ಹಿತ್ತಿಲಲ್ಲಿ ಬಾವಿ. ಒಬ್ಬಳೇ ಮಗಳು ದೀಕ್ಷಿತಾ. ತೊಂಬತ್ತೈದರ ಹೊತ್ತಿಗೆ ಊರಿನ ಒಂದೆರಡು ಹೋಟೆಲುಗಳಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಬಣ್ಣದ ಮೀನು ಇಡುವುದು ಶುರುವಾಗಿತ್ತು. ಅಂಥ ಒಂದು ಹೋಟೆಲಿಗೆ ಟೀವಿ ಸರಿಮಾಡಲು ಹೋದ ನಾಗಪತಿ ಟೀವಿ ಮರೆತು ಮೀನು ನೋಡುತ್ತ ನಿಂತ. ಮುಂದಿನ ವಾರ ಗಾಜು ತಂದ, ಅಂಟು ತಂದ, ತಾನೇ ಪೆಟ್ಟಿಗೆ ಜೋಡಿಸಿದ. ಹುಬ್ಬಳ್ಳಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಕೆಂಪು ಮೀನುಗಳು ಬಂದವು. ದೇವಕಿಗೂ ಅವು ಚಂದ ಕಂಡವು. ಮಗಳು ಒಂದೊಂದಕ್ಕೂ ಹೆಸರಿಟ್ಟಳು. ಇದಾದರೂ ಕಚ್ಚುವುದಿಲ್ಲ, ಹಾರಿಹೋಗುವುದಿಲ್ಲ ಎಂದು ದೇವಕಿ ಸಮಾಧಾನ ಪಟ್ಟುಕೊಂಡಳು.

ಅಂಗಡಿಗೆ ರೇಡಿಯೋ ತರುತ್ತಿದ್ದವರಲ್ಲಿ ಮಂಚಿಕೇರಿ ಕಡೆಯ ಹೊನ್ನ ಒಬ್ಬ. ಗದ್ದೆ ಕೆಲಸ ಮುಗಿದರೆ ಬೇಡ್ತಿ ಹೊಳೆಯಲ್ಲಿ ಗಾಳ ಹಾಕಿ ಕೂರುವುದು ಅವನ ಅಭ್ಯಾಸ. ಹೆಗಡೇರು ಮೀನು ಸಾಕಿದ್ದಾರೆಂದು ಕೇಳಿದವನು ಒಂದು ಮಳೆಗಾಲದ ಕೊನೆಗೆ ತಂಬಿಗೆಯಲ್ಲಿ ಹೊಳೆನೀರು ತುಂಬಿಸಿ, ಅದರಲ್ಲಿ ಬೆರಳುದ್ದದ ಮರಿಯೊಂದನ್ನು ಬಸ್ಸಿನಲ್ಲಿ ತಂದುಕೊಟ್ಟ. ಮೈಮೇಲೆ ಹುರುಪೆಯಿಲ್ಲ, ಬೆಳ್ಳಿಯ ಹಾಗೆ ನುಣುಪು, ಬಾಯ ಪಕ್ಕ ಎರಡು ಉದ್ದನೆಯ ಮೀಸೆ. ಬಾಳೆಮೀನಿನ ಮರಿ ಎಂದ. ಬೆಳೆದರೆ ನೀರಿಗಿಳಿದ ಬಾತುಮರಿಯನ್ನೂ ಬಿಡುವುದಿಲ್ಲ ಎಂದೂ ಹೇಳಿದ. ಅದು ಎಚ್ಚರಿಕೆಯ ಮಾತು. ನಾಗಪತಿ ಅದನ್ನು ಹೊಗಳಿಕೆ ಎಂದು ತಿಳಿದು ಮರಿಯನ್ನು ಮನೆಗೆ ತಂದು ಕೆಂಪು ಮೀನುಗಳ ಜೊತೆ ಬಿಟ್ಟ.

ಸ್ವಲ್ಪ ದಿನದಲ್ಲೇ ಕೆಂಪು ಮೀನುಗಳಲ್ಲಿ ಸಣ್ಣವು ಕಾಣೆಯಾದವು. ಆಮೇಲೆ ದೊಡ್ಡವು. ಕಡೆಗೊಂದು ಬೆಳಗ್ಗೆ ಪೆಟ್ಟಿಗೆಯಲ್ಲಿ ಉಳಿದದ್ದು ಅದೊಂದೇ, ಹೊಟ್ಟೆ ಉಬ್ಬಿಸಿಕೊಂಡು ಮೂಲೆಯಲ್ಲಿ ನಿಂತಿತ್ತು. ಮಗಳು ಅತ್ತಳು. ನಾಗಪತಿಯ ಮುಖ ಅರಳಿತ್ತು.

"ನೋಡೆ, ತನ್ನಷ್ಟೇ ಇದ್ದಿದ್ನೂ ನುಂಗಿದ್ದು" ಎಂದ.

"ನುಂಗಿದ್ದು ನೋಡಿ ಖುಷಿ ಪಡವ್ರನ್ನ ಆನು ಇವತ್ತೇ ಕಂಡಿದ್ದು" ಎಂದು ದೇವಕಿ ಒಳಗೆ ಹೋದಳು.

ಮಾಂಸ ಮೀನು ಹೊಸಿಲು ದಾಟದ ಮನೆ ಅದು. ಬಾಳೆಮೀನಾದರೋ ಅನ್ನ ಮುಟ್ಟುವುದಿಲ್ಲ, ಹಿಟ್ಟು ಮುಟ್ಟುವುದಿಲ್ಲ. ಗಂಡಹೆಂಡಿರು ಒಂದು ಒಪ್ಪಂದಕ್ಕೆ ಬಂದರು. ಅದರ ತಿಂಡಿ ನಾಗಪತಿಯೇ ತರಬೇಕು, ಹಿತ್ತಿಲ ಬಾಗಿಲಿಂದಲೇ ತರಬೇಕು, ಅಡುಗೆಮನೆಗೆ ಕಾಲಿಡುವ ಮೊದಲು ಮೀಯಬೇಕು. ಅವನು ಗದ್ದೆಯಂಚಿನ ಹೊಂಡಗಳಿಂದ ಸಣ್ಣ ಮೀನು, ಕಪ್ಪೆಮರಿ ಹಿಡಿದು ತಂದ. ಮೀನು ಬೆಳೆಯಿತು. ಮೊದಲು ಕೈಯಷ್ಟು, ಆಮೇಲೆ ಮೊಳದಷ್ಟು. ಎರಡು ವರ್ಷ ತುಂಬುವುದರೊಳಗೆ ಹಳೇ ಪೆಟ್ಟಿಗೆಯಲ್ಲಿ ಅದಕ್ಕೆ ಹೊರಳಲು ಜಾಗವಿಲ್ಲ. ನಾಗಪತಿ ಕಬ್ಬಿಣದ ಚೌಕಟ್ಟು ಮಾಡಿಸಿ, ದಪ್ಪ ಗಾಜು ಹಾಕಿ, ಮಂಚದಷ್ಟು ಉದ್ದದ ಪೆಟ್ಟಿಗೆ ಕಟ್ಟಿದ. ಎದುರು ಕೋಣೆಯಲ್ಲಿ ಅದನ್ನಿಟ್ಟ ಮೇಲೆ ಬಂದವರಿಗೆ ಕೂರಲು ಒಂದು ಬೆಂಚಿನ ಜಾಗ ಉಳಿಯಿತು. ಕರೆಂಟು ಹೋದರೆ ನೀರಿಗೆ ಗಾಳಿ ಊದಲು ಲಾರಿಯ ಹಳೇ ಬ್ಯಾಟರಿ ಜೋಡಿಸಿದ. ಮೀಸೆ ನೋಡಿ ಮಗಳು ಅದಕ್ಕೆ ಸಾವ್ಕಾರ ಎಂದು ಹೆಸರಿಟ್ಟಳು.

ಊರವರು ನೋಡಲು ಬಂದರು. ಸಿದ್ದಾಪುರದ ನೆಂಟರು ಮಕ್ಕಳನ್ನು ಕರೆದುಕೊಂಡು ಬಂದರು. ಹಗಲಲ್ಲಿ ಅದು ನೆರಳಿಗೆ ಇಟ್ಟ ಕಲ್ಲುಹಾಸಿನ ಕೆಳಗೆ ಮರದ ತುಂಡಿನ ಹಾಗೆ ಬಿದ್ದಿರುತ್ತಿತ್ತು; ಬಂದವರಿಗೆ ಅದು ತಿನ್ನುವುದನ್ನು ನೋಡಬೇಕು. ನಾಗಪತಿ ಒಂದು ಮೀನು ಬಿಡುವನು. ಮರದ ತುಂಡು ಅಲ್ಲಾಡದು, ಅಲ್ಲಾಡದು. ಕಣ್ಣು ಮಿಟುಕಿಸುವುದರೊಳಗೆ ಬಿಟ್ಟ ಮೀನು ಇಲ್ಲ, ನೀರು ಗಾಜಿಗೆ ಬಡಿದು ನೆಲಕ್ಕೆ ಚೆಲ್ಲಿರುತ್ತಿತ್ತು. ಬಂದವರು ಹೋ ಎನ್ನುವರು. ದೇವಕಿ ಅವರಿಗೆ ಚಾ ಕೊಟ್ಟು, ನೆಲ ಒರೆಸುವಳು.

ಅತ್ತೆ ಗೌರಕ್ಕ ಹುಲಗೋಳದಿಂದ ಒಮ್ಮೆ ಬಂದವಳು ಆ ಕೋಣೆಯ ಬಾಗಿಲಲ್ಲೇ ನಿಂತಳು. ಬೈಯಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತು ಮಗನ ಯೋಗಕ್ಷೇಮ ವಿಚಾರಿಸಿ, ನೀರನ್ನೂ ಕುಡಿಯದೆ ಮಧ್ಯಾಹ್ನದ ಬಸ್ಸಿಗೆ ಎದ್ದಳು. ಹೋಗುವಾಗ ಸೊಸೆಯ ಹತ್ತಿರ, ಈ ಮನೆಯಲ್ಲಿ ಇನ್ನು ತನಗೆ ಎಲೆ ಹಾಕಬೇಡ ಎಂದಷ್ಟೇ ಹೇಳಿದಳು. ಮೀನು ತಂದವನು ಮಗ, ಮಾತು ಕೇಳಿದವಳು ಸೊಸೆ. ದೇವಕಿ ಅದನ್ನು ಗಂಡನಿಗೆ ಹೇಳಲಿಲ್ಲ.

ಕೆಲಸ ಒಂದು ಕೈಯಿಂದ ಇನ್ನೊಂದು ಕೈಗೆ ಜಾರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಪೆಟ್ಟಿಗೆಯ ನೀರು ಆಗಾಗ ತೆಗೆದು ಹೊಸದು ತುಂಬಬೇಕು. ನಲ್ಲಿಯ ನೀರಲ್ಲಿ ಔಷಧಿಯ ವಾಸನೆ, ಮೀನಿಗಾಗದು, ಬಾವಿಯಿಂದಲೇ ಸೇದಬೇಕು. ಮೊದಮೊದಲು ನಾಗಪತಿ ಬೆಳಗಾಗೆದ್ದು ಸೇದುತ್ತಿದ್ದ. ಅಂಗಡಿಗೆ ತಡವಾಗುತ್ತದೆಂದು ಅರ್ಧ ಸೇದಿದ. ಉಳಿದರ್ಧ ದೇವಕಿ. ಆಮೇಲೆ ಪೂರ್ತಿ ಅವಳೇ. ಗಾಜಿಗೆ ಹತ್ತಿದ ಪಾಚಿ ಉಜ್ಜುವುದು ಅವಳಿಗೆ ಬಂತು. ಪೆಟ್ಟಿಗೆಯ ತಳದ ಹೊಲಸನ್ನು ಕೊಳವೆಯಿಂದ ಎಳೆದು ಹೊರಗೆ ಬಿಡುವುದೂ ಬಂತು. ಬಣ್ಣದ ಟೀವಿ ಬಂದು, ಆಮೇಲೆ ರಿಪೇರಿಗಿಂತ ಹೊಸದು ಕೊಳ್ಳುವುದೇ ಸಲೀಸಾಗಿ, ಅಂಗಡಿಯಲ್ಲಿ ನಾಗಪತಿ ಹೆಚ್ಚು ಹೊತ್ತು ಕೂತರೂ ಕೆಲಸ ಕಡಿಮೆಯಾಗಿತ್ತು. ಮನೆಗೆ ಬಂದರೆ ಮೀನಿನ ಎದುರು ಕೂರುತ್ತಿದ್ದ. ಅದು ಇಷ್ಟವೋ ದಣಿವೋ ದೇವಕಿಗೆ ಗೊತ್ತಾಗುತ್ತಿರಲಿಲ್ಲ. ಅವಳು ಇಷ್ಟವೆಂದೇ ತಿಳಿದಳು.

ಮನೆ ನಡೆಸಲು ಅವಳಿಗೆ ತನ್ನದೊಂದು ಕೆಲಸವಿತ್ತು. ತೊಡೆದೇವು ಎಂಬ ಸಿಹಿತಿಂಡಿ ಮಾಡುವುದರಲ್ಲಿ ಅವಳಿಗೆ ಒಳ್ಳೆಯ ಹೆಸರು. ಉರಿಯ ಮೇಲೆ ಗಡಿಗೆ ಬೋರಲು ಹಾಕಿ, ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿಹಿಟ್ಟನ್ನು ಬಟ್ಟೆಯ ತುಂಡಿನಿಂದ ಬಳಿದೆಳೆದು, ಕಾಗದದಷ್ಟು ತೆಳುವಾಗಿ ಎಬ್ಬಿಸಿ ಮಡಚುವುದಕ್ಕೆ ಕೈ ಕುದುರಬೇಕು. ಮದುವೆ, ಉಪನಯನದ ಮನೆಗಳವರು ಮೊದಲೇ ಬಂದು ಹೇಳಿಹೋಗುತ್ತಿದ್ದರು.

ಎರಡು ಸಾವಿರದ ಎರಡನೇ ಇಸವಿಯ ಚಳಿಗಾಲದಲ್ಲಿ ನಾಗಪತಿ ಒಬ್ಬರ ಮನೆಯ ಮಾಡು ಹತ್ತಿ ಆಂಟೆನಾ ತಿರುಗಿಸುತ್ತಿದ್ದಾಗ ಹೆಂಚು ಜಾರಿ ಕೆಳಗೆ ಬಿದ್ದ. ಸೊಂಟದ ಮೂಳೆ ಮುರಿಯಿತು. ಹುಬ್ಬಳ್ಳಿಗೆ ಒಯ್ದು ಸಲಾಕೆ ಹಾಕಿಸಿದರು. ಮನೆಗೆ ತಂದ ಮೇಲೆ ಮಲಗಿಸುವುದೆಲ್ಲಿ? ನಡುಮನೆಯಲ್ಲಿ ಕತ್ತಲೆ, ಎದುರು ಕೋಣೆಗೇ ಗಾಳಿ ಬೆಳಕು. ಬೆಂಚು ಹೊರಗೆ ಹಾಕಿ ಅಲ್ಲೇ ಮಂಚ ಹಾಕಿದರು. ಒಂದು ಗೋಡೆಗೆ ಮೀನಿನ ಪೆಟ್ಟಿಗೆ, ಇನ್ನೊಂದು ಗೋಡೆಗೆ ಗಂಡನ ಮಂಚ, ನಡುವೆ ದೇವಕಿ ಅಡ್ಡವಾಗಿ ನಡೆಯುವಷ್ಟು ದಾರಿ.

ಅಂಗಡಿಗೆ ಬೀಗ ಬಿತ್ತು. ಆಸ್ಪತ್ರೆಯಲ್ಲಿದ್ದಷ್ಟು ದಿನ ಮೀನಿಗೆ ಏನೂ ಹಾಕಿರಲಿಲ್ಲ. ಈಗ ಅದು ಕಲ್ಲುಹಾಸಿನ ಕೆಳಗಿನಿಂದ ಹೊರಬಂದು ಗಾಜಿಗೆ ಮೂತಿ ಒರೆಸುತ್ತ ಅತ್ತಿಂದಿತ್ತ ಓಡಾಡತೊಡಗಿತು. ನಾಗಪತಿ ಅದನ್ನು ನೋಡುತ್ತ ಮಲಗಿರುತ್ತಿದ್ದ. ದೇವಕಿಗೆ ತಡೆಯಲಾಗಲಿಲ್ಲ. ಒಂದು ಬೆಳಗ್ಗೆ ಹಳೇ ಸೀರೆ ಸುತ್ತಿ, ಸೆರಗಿನಿಂದ ಮೂಗು ಮುಚ್ಚಿ, ಹುಟ್ಟಿದ ಮೇಲೆ ಮೊದಲ ಸಲ ಮೀನುಪೇಟೆಯ ಬಾಗಿಲಲ್ಲಿ ನಿಂತಳು.

ಒಳಗೆ ಹೋಗಲು ಕಾಲು ಬರಲಿಲ್ಲ. ಬಾಗಿಲ ಹತ್ತಿರವೇ ಬುಟ್ಟಿ ಇಟ್ಟು ಕೂತ ಹೆಂಗಸೊಬ್ಬಳಿದ್ದಳು. ನೀಲಾ ಎಂದು ಹೆಸರು, ದಿನಾ ಬೆಳಗ್ಗೆ ಕುಮಟೆಯ ಕಡೆಯಿಂದ ಘಟ್ಟ ಹತ್ತಿ ಬರುವವಳು. ಅವಳು ದೇವಕಿಯ ನಿಲುವು ನೋಡಿ ಎಂಥ ಮನೆಯವಳೆಂದು ತಿಳಿದುಕೊಂಡಳು.

"ಯಾರಿಗೆ ಬೇಕಾಗಿತ್ರಾ ಅಮ್ಮಾ?"

"ಮೀನಿಗೆ" ಎಂದಳು ದೇವಕಿ.

"ಮೀನಿಗೆ ಮೀನೇನ್ರಾ?"

ದೇವಕಿ ನಿಂತಲ್ಲೇ ಎಲ್ಲ ಹೇಳಿದಳು. ಮೀನು, ಗಂಡ, ಸೊಂಟ, ಎಲ್ಲ. ಇಷ್ಟನ್ನು ಅವಳು ತವರಿನವರ ಎದುರೂ ಹೇಳಿರಲಿಲ್ಲ. ನೀಲಾ ನಗಲಿಲ್ಲ. ಹಾಳಾಗದ ತಾರ್ಲೆ ಮೀನುಗಳನ್ನು ಆರಿಸಿ, ಎಲೆಯಲ್ಲಿ ಸುತ್ತಿ, ಮೇಲೆ ಕಾಗದ ಕಟ್ಟಿ, ಕೈಗೆ ಮುಟ್ಟದ ಹಾಗೆ ದಾರದ ಕುಣಿಕೆ ಮಾಡಿ ಕೊಟ್ಟಳು. ಮುಂದೆ ದೇವಕಿ ಬಂದಾಗೆಲ್ಲ ಅವಳು ಹಾಗೆಯೇ ಕಟ್ಟಿ ಇಟ್ಟಿರುತ್ತಿದ್ದಳು.

ಸತ್ತ ಮೀನನ್ನು ಸಾವ್ಕಾರ ಮೂಸಿಯೂ ನೋಡಲಿಲ್ಲ. ದಾರಕ್ಕೆ ಕಟ್ಟಿ ನೀರಲ್ಲಿ ಅಲ್ಲಾಡಿಸು ಎಂದು ನಾಗಪತಿ ಮಲಗಿದಲ್ಲಿಂದ ಹೇಳಿದ. ದೇವಕಿ ಕೋಲಿಗೆ ದಾರ ಕಟ್ಟಿ, ಮುಖ ಆಚೆ ತಿರುಗಿಸಿ ಅಲ್ಲಾಡಿಸಿದಳು. ಎಳೆತಕ್ಕೆ ಕೋಲು ಕೈಯಿಂದ ಹಾರಿ ಪೆಟ್ಟಿಗೆಯೊಳಗೆ ಬಿತ್ತು, ನೀರು ಅವಳ ಮುಖಕ್ಕೆ ಎರಚಿತು. ಅವಳು ಹಿತ್ತಿಲಿಗೆ ಓಡಿ ಬಾವಿಕಟ್ಟೆಯಲ್ಲಿ ತಲೆಗೇ ನೀರು ಸುರಿದುಕೊಂಡಳು. ವಾರ ಕಳೆಯುವುದರೊಳಗೆ ಮುಖ ತಿರುಗಿಸುವುದು ಬಿಟ್ಟುಹೋಯಿತು. ತಿಂಗಳು ಕಳೆದ ಮೇಲೆ ಬೆರಳಲ್ಲೇ ಹಿಡಿದು ಕಟ್ಟುವಂತಾದಳು. ಅಸಹ್ಯವೂ ಸವೆಯುವ ವಸ್ತುವೇ. ಸವೆದ ಮೇಲೆ ಉಳಿದದ್ದು ಬರೀ ಕೆಲಸ.

ಅವಳು ಮೀನಿಗೆ ಹಾಕಿ ಕೈತೊಳೆದು ಬಂದರೆ ನಾಗಪತಿ, "ಇವತ್ತು ತಿಂತಾ?" ಎಂದು ಕೇಳುತ್ತಿದ್ದ. ಕಣ್ಣೆದುರೇ ತಿಂದಿದ್ದರೂ ಕೇಳುತ್ತಿದ್ದ. ಬೇರೆ ಮಾತೇ ಆಡದ ಗಂಡ ಇದೊಂದನ್ನು ಕೇಳುತ್ತಾನಲ್ಲ, ಇದರಲ್ಲೇ ಅವನ ಜೀವವಿದೆ ಎಂದುಕೊಂಡು ದೇವಕಿ, "ತಿಂತು" ಎನ್ನುತ್ತಿದ್ದಳು.

ಆ ಬೇಸಿಗೆ ಕರೆಂಟು ಹೊತ್ತುಗೊತ್ತಿಲ್ಲದೆ ಹೋಗುತ್ತಿತ್ತು. ಬ್ಯಾಟರಿ ಸತ್ತಿತ್ತು, ಅದನ್ನು ಸರಿಮಾಡುವವನು ಮಂಚದ ಮೇಲಿದ್ದ. ಗಾಳಿಯ ಗುಳ್ಳೆ ನಿಂತರೆ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿತ್ತು. ದೇವಕಿ ಕುರ್ಚಿ ಹತ್ತಿ ನಿಂತು, ಪೆಟ್ಟಿಗೆಯಿಂದಲೇ ತಂಬಿಗೆಯಲ್ಲಿ ನೀರು ಮೊಗೆದು, ಎತ್ತರದಿಂದ ಪೆಟ್ಟಿಗೆಗೇ ಸುರಿಯುವಳು. ಮೊಗೆಯುವುದು, ಸುರಿಯುವುದು. ಒಲೆಯ ಮೇಲಿನ ಸಾರು ಬತ್ತುವುದು. ಮಗಳು ಶಾಲೆಯಿಂದ ಬಂದರೆ ಅವಳ ಕೈಗೆ ತಂಬಿಗೆ. ಹುಡುಗಿಗೆ ಆಗಲೇ ಶಾಲೆಯಲ್ಲಿ ಮೀನಿನ ಹೆಸರು ಬಿದ್ದಿತ್ತು. ಅವಳು ಗೆಳತಿಯರನ್ನು ಮನೆಗೆ ಕರೆಯುವುದನ್ನು ಬಿಟ್ಟಿದ್ದಳು.

ತೊಡೆದೇವು ಬೇಕೆಂದು ಬರುವವರು ಕಡಿಮೆಯಾದದ್ದು ಮೊದಲು ದೇವಕಿಯ ಗಮನಕ್ಕೆ ಬರಲಿಲ್ಲ. ಒಂದು ಮನೆಯವರು ಈ ಸಲ ಬೇರೆ ಸಿಹಿ ಮಾಡಿಸುತ್ತೇವೆ ಎಂದರು. ಇನ್ನೊಂದು ಮನೆಯವರು ಹೇಳಿದ್ದನ್ನು ಮರೆತವರ ಹಾಗೆ ಬರಲೇ ಇಲ್ಲ. ನಾಗಪತಿಗೆ ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕಲು ಬರುವ ಹೊತ್ತಿಗೆ, ಲಗ್ನದ ತಿಂಗಳಲ್ಲೂ ಗಡಿಗೆ ಒಲೆಯ ಮೇಲೆ ಏರಲಿಲ್ಲ. ಪಕ್ಕದ ಮನೆಯ ಜಯಾ ಒಂದು ಮಧ್ಯಾಹ್ನ ಹಿತ್ತಿಲ ಬೇಲಿಯ ಹತ್ತಿರ ಕರೆದು ಇದ್ದದ್ದನ್ನು ಹೇಳಿದಳು.

"ದೇವಕಕ್ಕ, ಆನು ಹೇಳ್ದೆ ಹೇಳಿ ಬೇಜಾರು ಮಾಡ್ಕಳಡ. ಮೀನು ಮುಟ್ಟಿದ ಕೈಲಿ ತೊಡೆದೇವು ಎಳಿತು ಹೇಳಿ ಪೇಟೆ ತುಂಬ ಮಾತಾಜು."

ಮೀನು ಮುಟ್ಟಿದ್ದು ಸುಳ್ಳಲ್ಲ. ಆಮೇಲೆ ಮೀಯುತ್ತಿದ್ದದ್ದೂ ಸುಳ್ಳಲ್ಲ. ಚಳಿಯಲ್ಲಿ, ಜ್ವರ ಬಂದಾಗ, ಪ್ರತಿ ಸಲವೂ ತಲೆಗೇ ಮಿಂದು ಅವಳ ಕೂದಲು ಉದುರಿತ್ತು. ಅದನ್ನು ಯಾರ ಮನೆಗೆ ಹೋಗಿ ಹೇಳುವುದು? ಒಳಗೆ ಬಂದಳು. ಕರೆಂಟು ಹೋಗಿತ್ತು. ಮೀನು ಮೇಲೆ ಬಂದು ಬಾಯಿ ತೆರೆದಿತ್ತು. ತಂಬಿಗೆ ಎತ್ತಿಕೊಂಡು ಕುರ್ಚಿಯ ಮೇಲೆ ಕಾಲಿಟ್ಟವಳಿಗೆ ಇನ್ನೊಂದು ಕಾಲು ಮೇಲಕ್ಕೆ ಬರಲಿಲ್ಲ. ಕುರ್ಚಿಯ ಮೇಲೆ ಕೂತುಬಿಟ್ಟಳು.

ನಾಗಪತಿ ಮಂಚದಲ್ಲಿ ಎದ್ದು ಕೂತ.

"ಯಂಗೆ ಸಾಕಾತು" ಎಂದಳು ದೇವಕಿ. ದನಿಯಲ್ಲಿ ಸಿಟ್ಟಿರಲಿಲ್ಲ. "ಇನ್ನು ಆಗ್ತಿಲ್ಲೆ. ಇದನ್ನ ಎಲ್ಲಾದ್ರೂ ಬಿಟ್ಟಿಕ್ಕಿ ಬಪ್ಪನ."

ಅವನು ಗೋಡೆಯ ಕಡೆ ತಿರುಗಿ ಮಲಗಬಹುದು, ಊಟ ಬಿಡಬಹುದು ಎಂದು ಅವಳು ಎಣಿಸಿದ್ದಳು. ಅವನು "ಬಿಡನ" ಎಂದ.

"ನಿಂಗಕ್ಕೆ ಬೇಜಾರಾಗ್ತಿಲ್ಯ?"

"ಯಂಗೆ ಅದು ಸಾಕಾಗಿ ಎಷ್ಟೋ ವರ್ಷ ಆತು."

ದೇವಕಿಗೆ ಕೇಳಿದ್ದು ಸರಿಯೋ ಎಂದು ಅನುಮಾನವಾಯಿತು. ಮತ್ತೆ ದಿನಾ ತಿಂತಾ ತಿಂತಾ ಎಂದು ಕೇಳುತ್ತಿದ್ದದ್ದು ಯಾಕೆ ಎಂದಳು. ನಾಗಪತಿ ಕೋಲಿನ ಹಿಡಿಯನ್ನು ತಿರುಗಿಸುತ್ತ ನಿಧಾನವಾಗಿ ಹೇಳಿದ. ಜೇನು ಬಿಟ್ಟ, ಮರ ಬಿಟ್ಟ, ರೇಡಿಯೋ ಬಿಟ್ಟ. ಇದನ್ನೂ ಬಿಟ್ಟರೆ ಹೆಂಡತಿ ಏನೆಂದುಕೊಂಡಾಳು ಎಂದು ಮೊದಲು ಬಾಯಿ ಬರಲಿಲ್ಲ. ಬಿದ್ದು ಮಲಗಿದ ಮೇಲೆ ಹೇಳಬೇಕೆಂದಿದ್ದ. ಅಷ್ಟರಲ್ಲಿ ಅವಳೇ ಮೀನುಪೇಟೆಗೆ ಹೋಗಿ ಬಂದಳು.

"ಅಲ್ಲಿವರೆಗೆ ಹೋಗಿ ತಂದು ಹಾಕ್ತೆ ಹೇಳಿ ಆದ್ರೆ ನಿಂಗೆ ಅದ್ರ ಮೇಲೆ ಜೀವ ಹೇಳಿ ತಿಳ್ಕಂಡಿ. ಕೇಳದಿದ್ರೆ ನಿಂಗೆ ಬೇಜಾರಾಗ್ತು ಹೇಳಿ ಕೇಳ್ತಿದ್ದಿ."

"ಆನು ನಿಂಗಕ್ಕೋಸ್ಕರ ಹಾಕಿದ್ದು" ಎಂದಳು ದೇವಕಿ.

ಇಬ್ಬರೂ ಮೀನಿನ ಕಡೆ ನೋಡಿದರು. ಅದು ಇನ್ನೂ ಬಾಯಿ ತೆರೆಯುತ್ತಿತ್ತು. ಕಡೆಗೆ ನಾಗಪತಿಯೇ ಕೋಲು ಊರಿ ಎದ್ದು, ಪೆಟ್ಟಿಗೆಗೆ ಒರಗಿ ನಿಂತು, ತಂಬಿಗೆ ತೆಗೆದುಕೊಂಡು ನೀರು ಸುರಿಯತೊಡಗಿದ.

ಒಬ್ಬರಿಗೊಬ್ಬರು ಇಷ್ಟು ನೋಡಿಕೊಂಡಿದ್ದೇವಲ್ಲ ಎಂದು ದೇವಕಿಯ ಕಣ್ಣು ತುಂಬಲಿಲ್ಲ. ಅವಳಿಗೆ ಬಂದದ್ದು ಸಿಟ್ಟು. ಸೇದಿದ ನೀರು, ಮಿಂದ ಮೀಹ, ಅತ್ತೆ ಬಿಟ್ಟ ಊಟ, ಮಗಳ ಗೆಳತಿಯರು, ಹೋದ ಹೆಸರು, ಇಷ್ಟೂ ಯಾರಿಗೂ ಬೇಡವಾದ ಒಂದು ಮೀನಿಗಾಗಿ ಎಂಬುದು ಅವಳಿಗೆ ನುಂಗಲಾಗಲಿಲ್ಲ. ಬೈಯಬೇಕೆಂದರೆ ಬೈಯಲು ಯಾರೂ ಸಿಗಲಿಲ್ಲ. ಬಾಯಿ ಬಿಟ್ಟು ಕೇಳದಿದ್ದವಳು ಅವಳೂ ತಾನೆ. ಸ್ವಲ್ಪ ದಿನ ಅವಳು ಅನ್ನ ಬಡಿಸಿದಳು, ಮಾತು ಬಡಿಸಲಿಲ್ಲ.

ಆದರೆ ಹೊನ್ನನಿಗೆ ಹೇಳಿಕಳಿಸಿದವಳು ಅವಳೇ. ಮಳೆ ಬರುವ ಮೊದಲು, ಮೇ ತಿಂಗಳ ಒಂದು ಮುಂಜಾನೆ ಹೊನ್ನ ತನ್ನ ಅಳಿಯ ಮಂಜನ ಟೆಂಪೋ ತಂದ. ನೀಲಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಬಾವಿನೀರು ತುಂಬಿದರು. ಪೆಟ್ಟಿಗೆಯ ನೀರು ಇಳಿಸಿದಾಗ ಮೀನಿನ ಪೂರ್ತಿ ಮೈ ಕಂಡಿತು. ಗಂಡಸಿನ ತೋಳಿಗಿಂತ ಉದ್ದ. ಗಾಜಿನೊಳಗೆ ಹೊರಳಿ ಹೊರಳಿ ಅದರ ಬೆನ್ನು ಒಂದು ಕಡೆಗೆ ಸಣ್ಣಗೆ ಬಾಗಿತ್ತು. ಇಷ್ಟು ವರ್ಷ ಎದುರಲ್ಲೇ ಇದ್ದರೂ ಅದನ್ನು ಯಾರೂ ಗಮನಿಸಿರಲಿಲ್ಲ. ಹೊನ್ನ ಒದ್ದೆ ಗೋಣಿ ಹೊದಿಸಿ ತಬ್ಬಿ ಹಿಡಿದ. ಬಾಲದ ಏಟಿಗೆ ದೇವಕಿಯ ಕೈಬಳೆ ಒಡೆಯಿತು. ನಾಗಪತಿಯನ್ನು ಮುಂದೆ ಕೂರಿಸಿದರು. ದೇವಕಿ ಹಿಂದೆ ಡ್ರಮ್ಮಿನ ಪಕ್ಕ ಕೂತು, ಮಂಚಿಕೇರಿಯವರೆಗೂ ಚೊಂಬಿನಲ್ಲಿ ನೀರು ಮೊಗೆದು ಸುರಿಯುತ್ತ ಹೋದಳು.

ಹೊಳೆ ಇಳಿದಿತ್ತು. ಬಂಡೆಗಳ ನಡುವೆ ನೀರು ಮಡು ಮಡುವಾಗಿ ನಿಂತು, ಒಂದರಿಂದೊಂದಕ್ಕೆ ಸಣ್ಣಗೆ ಹರಿಯುತ್ತಿತ್ತು. ಹೊನ್ನನೂ ಮಂಜನೂ ಡ್ರಮ್ಮನ್ನು ಹೊತ್ತು, ಎಲ್ಲಕ್ಕಿಂತ ದೊಡ್ಡ ಮಡುವಿನ ಅಂಚಿಗೆ ಓರೆಮಾಡಿದರು. ಮೀನು ನೀರಿಗೆ ಜಾರಿತು. ಕೆಳಗೆ ಹೋಗಿ ಕಾಣೆಯಾಗುತ್ತದೆ ಎಂದು ಎಲ್ಲರೂ ನೋಡುತ್ತಿದ್ದರು.

ಅದು ಮುಂದೆ ಹೋಯಿತು, ಮಂಚದುದ್ದದಷ್ಟು. ಅಲ್ಲಿ ತಿರುಗಿತು. ಹಿಂದೆ ಬಂತು, ಅಷ್ಟೇ ದೂರ. ಮತ್ತೆ ತಿರುಗಿತು. ಎದುರಿಗೆ ಏನೂ ಇಲ್ಲ, ಪಕ್ಕದಲ್ಲಿ ಏನೂ ಇಲ್ಲ. ಆಳ ನೀರು ಅಲ್ಲೇ ಹತ್ತಿರದಲ್ಲಿ ಕಪ್ಪಗೆ ಕಾಣುತ್ತಿತ್ತು. ಮೀನು ಮಾತ್ರ ಮೊಣಕಾಲು ಮುಳುಗುವ ನೀರಿನಲ್ಲಿ, ಇಲ್ಲದ ಗಾಜಿಗೆ ತಾಗದ ಹಾಗೆ ತಿರುಗುತ್ತಲೇ ಇತ್ತು.

ನಾಗಪತಿ ಒಂದು ಬಂಡೆಯ ಮೇಲೆ ಕೂತಿದ್ದವನು ಕೋಲು ಕೆಳಗಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ದೇವಕಿ ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ಇಲ್ಲಿಯವರೆಗೆ ಅವಳು ಅದರ ತಿಂಡಿಯನ್ನು ಮುಟ್ಟಿದ್ದಳೇ ಹೊರತು ಅದನ್ನು ತಾನಾಗಿ ಮುಟ್ಟಿರಲಿಲ್ಲ. ಎರಡೂ ಅಂಗೈಯಿಂದ ಅದರ ಪಕ್ಕೆಯನ್ನು ಆಳದ ಕಡೆಗೆ ದೂಡಿದಳು. ಅದು ಕಚ್ಚಲೂ ಇಲ್ಲ, ಹೆದರಿ ಓಡಲೂ ಇಲ್ಲ. ದೂಡಿದಷ್ಟು ಹೋಯಿತು, ತಿರುಗಿ ಬಂತು. ಮತ್ತೆ ದೂಡಿದಳು. ಮತ್ತೆ ಬಂತು. ಬಿಸಿಲು ನೆತ್ತಿಗೆ ಬರುವವರೆಗೂ ಅವಳು ಅದನ್ನೇ ಮಾಡಿದಳು.

"ಬರ್ರಿ ಅಮ್ಮಾ, ಸಾಕು" ಎಂದು ಹೊನ್ನ ದಡದಿಂದ ಕರೆದ. "ಅದಕ್ಕೆ ಹೊಳೆ ಮರ್ತು ಹೋಗ್ಯದೆ. ಕಲ್ತರೆ ಕಲೀತದೆ."

ಯಾರಾದರೂ ಹಿಡಿದರೆ ಎಂದು ದೇವಕಿ ಕೇಳಿದಳು.

"ನಾನಂತೂ ಇಲ್ಲಿ ಗಾಳ ಹಾಕೂದಿಲ್ಲ. ಬೇರೇರ ಮಾತು ನಾ ಹೆಂಗೆ ಹೇಳ್ಲಿ?"

ಅದು ಸರಿಯಾದ ಮಾತೇ. ದೇವಕಿ ಮೇಲೆ ಬಂದು ಸೀರೆ ಹಿಂಡಿದಳು. ಟೆಂಪೋ ಹತ್ತುವಾಗ ಅವಳು ಹಿಂದಕ್ಕೆ ನೋಡಲಿಲ್ಲ, ನಾಗಪತಿ ನೋಡಿದ. ಹಿಂದಿರುಗುವಾಗ ಇಬ್ಬರೂ ಹಿಂದೆಯೇ ಕೂತರು. ಖಾಲಿ ಡ್ರಮ್ಮು ತಿರುವಿಗೊಮ್ಮೆ ಉರುಳುತ್ತಿತ್ತು, ನಾಗಪತಿ ಅದನ್ನು ಕೋಲಿನಿಂದ ತಡೆದು ಹಿಡಿಯುತ್ತಿದ್ದ. ದಾರಿಯಲ್ಲಿ ದೇವಕಿಗೆ ನಿದ್ದೆ ಬಂತು. ಗಂಡನ ಭುಜಕ್ಕೆ ತಲೆ ಬಿದ್ದದ್ದೂ ತಿಳಿಯದಷ್ಟು ನಿದ್ದೆ. ಶಿರಸಿ ಬಂದ ಮೇಲೆ ಹೊನ್ನನೇ ಎಬ್ಬಿಸಬೇಕಾಯಿತು.

ಮಳೆ ಹಿಡಿದ ಮೇಲೆ ಹೊನ್ನ ಪೇಟೆಗೆ ಬಂದಾಗ ಸುದ್ದಿ ತಂದ. ಮೀನು ಅಲ್ಲೇ ಇತ್ತಂತೆ. ಬಟ್ಟೆ ಒಗೆಯಲು ಹೋದ ಹೆಂಗಸರು ಅದರ ತಿರುಗಾಟ ನೋಡಿ ದೇವರ ಮೀನಿರಬೇಕು ಎಂದು ಮಂಡಕ್ಕಿ ಹಾಕಿದರಂತೆ. ಆಮೇಲೆ ಮೊದಲ ಮಳೆಗೆ ಹೊಳೆ ಕೆಂಪಗೆ ಬಂತು. ನೀರು ತಿಳಿಯಾದ ಮೇಲೆ ನೋಡಿದರೆ ಇರಲಿಲ್ಲ. ಹೋಯಿತೋ, ಯಾರ ಬಲೆಗಾದರೂ ಬಿತ್ತೋ, ಅವನಿಗೂ ಗೊತ್ತಿಲ್ಲ. ದೇವಕಿ ಅವನಿಗೆ ಊಟ ಹಾಕಿದಳು.

ಪೆಟ್ಟಿಗೆ ಬಿಚ್ಚಿದರು. ಎದುರು ಕೋಣೆಯನ್ನು ತೊಳೆದು ಸುಣ್ಣ ಹೊಡೆದರೂ ಆ ಮಳೆಗಾಲವಿಡೀ ಪಾಚಿಯ ವಾಸನೆ ಉಳಿದೇ ಇತ್ತು. ನಾಗಪತಿ ಅದೇ ಕೋಣೆಯ ಕಿಟಕಿಯ ಕೆಳಗೆ ಮೇಜು ಹಾಕಿಕೊಂಡು, ಕೂತಲ್ಲೇ ಆಗುವ ಸಣ್ಣಪುಟ್ಟ ರಿಪೇರಿ ಶುರುಮಾಡಿದ. ಮಾಡು ಹತ್ತುವ ಕೆಲಸ ಇನ್ನಿಲ್ಲ. ತೊಡೆದೇವಿನ ಮನೆಗಳಲ್ಲಿ ಕೆಲವು ತಿರುಗಿ ಬಂದವು, ಕೆಲವು ಬರಲೇ ಇಲ್ಲ. ಬಾರದವರ ಬಗ್ಗೆ ದೇವಕಿ ಮಾತೆತ್ತುವುದಿಲ್ಲ. ಬಂದವರಿಗೆ ಮೊದಲಿನಷ್ಟೇ ತೆಳುವಾಗಿ ಎಳೆದುಕೊಟ್ಟಳು. ಆ ವರ್ಷದ ದೀಪಾವಳಿಗೆ ಗೌರಕ್ಕ ಬಂದು, ಎದುರು ಕೋಣೆಯನ್ನು ಒಮ್ಮೆ ಇಣುಕಿ ನೋಡಿ, ನಡುಮನೆಯಲ್ಲಿ ಮಗನ ಪಕ್ಕ ಎಲೆಗೆ ಕೂತಳು. ಬಡಿಸಿದ್ದನ್ನು ಉಂಡಳು, ಮತ್ತೊಮ್ಮೆ ಹಾಕಿಸಿಕೊಂಡಳು.

ಮೀನಿಲ್ಲದೆ ಮನೆ ಬಿಕೋ ಎನ್ನುವುದಿಲ್ಲವೇ ಎಂದು ಜಯಾ ಒಮ್ಮೆ ಕೇಳಿದಳು. ದೇವಕಿ ಬಾವಿಯಿಂದ ಕೊಡ ಎಳೆಯುತ್ತಿದ್ದವಳು ಅದನ್ನು ಕಟ್ಟೆಯ ಮೇಲಿಟ್ಟಳು.

"ಎಂತ ಇಲ್ಲೆ ಮಾರಾಯ್ತಿ" ಎಂದಳು. "ಈ ಹಗ್ಗ ಒಂದು ಸವೆಯದು ಕಮ್ಮಿಯಾಜು."